ಹೊಸ ಹಂದಿ ಕೂದಲಿನ ಬ್ರಷ್ ನೊರೆಯನ್ನೆಲ್ಲ ನುಂಗುತ್ತಿದೆ, ವಾಪಸ್ ಕಳಿಸಲಾ?

ಬೆಳಗಿನ ಬ್ಲೇಡು

ಆರು ವರ್ಷದಿಂದ ಒಂದೇ ಸಿಂಥೆಟಿಕ್ ಶೇವಿಂಗ್ ಬ್ರಷ್ಷಿನಲ್ಲಿ ಕಾಲ ತಳ್ಳಿದ್ದೇನೆ. ಅದರ ಮೇಲೆ ದೂರೇನೂ ಇಲ್ಲ. ಆದರೂ ಬಲ್ಲವರೆಲ್ಲ ಹಂದಿ ಕೂದಲಿನ ಬ್ರಷ್ ಹೊಗಳುವುದನ್ನು ಕೇಳಿ ಕೇಳಿ ಆಸೆ ತಡೆಯಲಾಗದೆ ಒಂದು ತರಿಸಿಯೇ ಬಿಟ್ಟೆ. ಗಂಟಿನ (ಹಿಡಿಯೊಳಗೆ ಕೂರಿಸೋ ಕೂದಲ ಕಟ್ಟು) ಅಗಲ 24 ಮಿ.ಮೀ., ಹಿಡಿಯಿಂದ ಮೇಲೆ ಕಾಣುವ ಕೂದಲು 57 ಮಿ.ಮೀ. ಮರದ ಹಿಡಿ, ನೋಡೋಕೆ ಚೆಂದ. ಕಂಪನಿ ಹೆಸರು ಹೇಳುವುದಿಲ್ಲ. ತಪ್ಪು ಅದರದೋ ನನ್ನದೋ ಇನ್ನೂ ಗೊತ್ತಿಲ್ಲ.

ಮೂರು ಶೇವ್ ಆಯಿತು. ಸೋಪಿನ ಮೇಲೆ ತಿರುಗಿಸುವಾಗ ನೊರೆ ಭರ್ಜರಿಯಾಗಿಯೇ ಏಳುತ್ತದೆ. ಮುಖಕ್ಕೆ ಮೊದಲ ಸುತ್ತಿಗೆ ಸಾಕಾಗುವಷ್ಟು ಬರುತ್ತದೆ. ಎರಡನೇ ಸುತ್ತಿಗೆ ಬ್ರಷ್ ಇಟ್ಟರೆ ಏನೂ ಇಲ್ಲ, ಬರೀ ಒಣ ಒಣ. ಬುಡದ ಹತ್ತಿರ ಬೆರಳಿಂದ ಹಿಂಡಿದರೆ ಒಳಗಿಂದ ಒಂದು ಬೊಗಸೆ ನೊರೆ ಬರುತ್ತದೆ! ಎಲ್ಲ ಹೊಟ್ಟೆಯಲ್ಲಿ ಇಟ್ಟುಕೊಂಡು ಸುಮ್ನೆ ಕೂತಿದೆ. ತುದಿಗಳು ಚುಚ್ಚುತ್ತವೆ, ಪೊರಕೆಯಲ್ಲಿ ಕೆನ್ನೆ ಗುಡಿಸಿದ ಹಾಗೆ. ನೆನೆಸಿದರೆ ಒದ್ದೆ ನಾಯಿಯ ವಾಸನೆ. ಮೊದಲ ದಿನ ಏಳು ಕೂದಲು ಮುಖದ ಮೇಲೆ ಉಳಿದವು. ಕೂತು ಎಣಿಸಿದೆ.

ವಾಪಸ್ ಕಳಿಸೋಕೆ ಇನ್ನೂ ಹತ್ತು ದಿನ ಇದೆ. ಕಳಿಸಲಾ?

ಮಾತು ಕಡಿಮೆ

ಹದಿನೈದು ಶೇವ್ ಆಗಲಿ. ಆಮೇಲೆ ಕೇಳಿ.

ಬೆಳಗಿನ ಬ್ಲೇಡು

ಹದಿನೈದು ಶೇವ್ ಆಗುವಷ್ಟರಲ್ಲಿ ಗಡುವೇ ಮುಗಿದಿರುತ್ತಲ್ಲ ಸರ್.

ಹಳೇ ರೇಜರ್

ಅದಕ್ಕೇನು, ಮುಖಕ್ಕೇ ಹಚ್ಚಬೇಕು ಅಂತ ಎಲ್ಲಿದೆ? ರಾತ್ರಿ ಮಲಗೋ ಮುಂಚೆ ಅಂಗೈ ಮೇಲೆ ನೊರೆ ಮಾಡಿ, ತೊಳೆದು, ಕೊಡವಿ ನಿಲ್ಲಿಸಿ. ಬೆಳಿಗ್ಗೆ ಶೇವ್. ದಿನಕ್ಕೆ ಎರಡು ಲೆಕ್ಕ ಆಯಿತು. ವಾಸನೆಗೂ ಅದೇ ಮದ್ದು. ಮೊದಲ ಸಲ ಮಾತ್ರ ಶಾಂಪೂ ಹಾಕಿ ಚೆನ್ನಾಗಿ ತೊಳೆಯಿರಿ. ಎರಡು ವಾರದಲ್ಲಿ ವಾಸನೆ ಇತ್ತು ಅನ್ನೋದೇ ಮರೆತುಹೋಗುತ್ತದೆ.

ಈಗ ಅದು ಯಾಕೆ ನುಂಗುತ್ತಿದೆ ಅಂತ ಹೇಳುತ್ತೇನೆ. ಹಂದಿ ಕೂದಲು ಬುಡದಲ್ಲಿ ದಪ್ಪ, ತುದಿಗೆ ಹೋಗುತ್ತಾ ಸಣ್ಣ. ಹೊಸದರಲ್ಲಿ ಕಡ್ಡಿಯಂತೆ ನೆಟ್ಟಗೆ ಇರುತ್ತದೆ. ಬಳಸುತ್ತಾ ಹೋದರೆ ತುದಿ ಸೀಳಿ ಎರಡಾಗಿ, ಮೂರಾಗಿ ಕವಲೊಡೆಯುತ್ತದೆ. ತಲೆಕೂದಲು ಹಾಗೆ ಸೀಳಿದರೆ ಬೇಜಾರು ಮಾಡಿಕೊಳ್ಳುತ್ತೇವೆ, ಇಲ್ಲಿ ಅದಕ್ಕೇ ಕಾಯುತ್ತೇವೆ. ಸೀಳಿದ ಮೇಲೆ ಮೇಲುಭಾಗ ಮೆತ್ತಗಾಗುತ್ತದೆ, ಬುಡದ ಬಿಗಿ ಹಾಗೇ ಉಳಿಯುತ್ತದೆ. ಮೇಲೆ ಮೆತ್ತಗೆ, ಕೆಳಗೆ ಗಟ್ಟಿ. ಬೇರೆ ಯಾವ ಕೂದಲಿನಲ್ಲೂ ಈ ಸುಖ ಇಲ್ಲ ಅನ್ನೋದು ನನ್ನ ಹಟ.

ಇನ್ನೊಂದು. ಹಂದಿ ಕೂದಲು ನೀರು ಕುಡಿಯುತ್ತದೆ. ಸಿಂಥೆಟಿಕ್ ಎಳೆ ಕುಡಿಯೋಲ್ಲ. ನೀವು ಹಳೇ ಅಭ್ಯಾಸದಲ್ಲಿ ಹೀಗೆ ಅದ್ದಿ ಹಾಗೆ ಎತ್ತಿದರೆ ಅದು ಸೋಪಿನಲ್ಲಿರೋ ನೀರನ್ನೇ ಎಳೆದುಕೊಳ್ಳುತ್ತದೆ. ಉಗುರುಬೆಚ್ಚಗಿನ ನೀರಲ್ಲಿ ಮೂರರಿಂದ ಐದು ನಿಮಿಷ ನೆನೆಸಿಡಿ. ಕೂದಲಷ್ಟೇ ಮುಳುಗಲಿ, ಮರದ ಹಿಡಿ ಮುಳುಗಬಾರದು. ಕುದಿಯೋ ನೀರು ಬೇಡವೇ ಬೇಡ, ಕೂದಲಿಗೂ ಕೇಡು, ಅಂಟಿಗೂ ಕೇಡು.

ಸಿಂಥೆಟಿಕ್ ಸಾಕು

ಹದಿನೈದು ದಿನ ಮುಖ ಕೆರೆಸಿಕೊಂಡು, ರಾತ್ರಿ ಅಂಗೈಗೆ ಸೋಪು ಹಚ್ಚಿಕೊಂಡು, ನಾಯಿ ವಾಸನೆ ಕುಡಿದು, ಕೊನೆಗೆ ಸಿಗೋದೇನು? ನಿಮ್ಮ ಹಳೇ ಬ್ರಷ್ ಮೊದಲ ದಿನದಿಂದಲೇ ಕೊಡುತ್ತಿದ್ದದ್ದು! ನನ್ನದು ನೆನೆಸೋದು ಬೇಡ, ಬೇಗ ಒಣಗುತ್ತದೆ, ಕೂದಲು ಉದುರೋದಿಲ್ಲ, ಪ್ರಾಣಿಯ ತಂಟೆಯೂ ಇಲ್ಲ. ಹಿಂದಿನ ಕಾಲದ ನೈಲಾನ್ ಬ್ರಷ್ ಸ್ಪ್ರಿಂಗ್ ಥರ ಎಗರಿ ಗೋಡೆಗೆಲ್ಲ ನೊರೆ ಹಾರಿಸುತ್ತಿತ್ತು, ಒಪ್ಪುತ್ತೇನೆ. ಈಗಿನ ಎಳೆ ಹಾಗಿಲ್ಲ.

ವಾಪಸ್ ಕಳಿಸಿ.

ನೀರು ಮತ್ತು ಸೋಪು

ಬ್ರಷ್ಷಿನ ಮೇಲೆ ತೀರ್ಪು ಕೊಡೋಕೆ ಮುಂಚೆ ಎರಡು ಪ್ರಶ್ನೆ. ನಿಮ್ಮ ನೀರು ಗಡುಸಾ? ಸೋಪಿನ ಮೇಲೆ ಬ್ರಷ್ ಎಷ್ಟು ಸೆಕೆಂಡ್ ತಿರುಗಿಸುತ್ತೀರಿ? ಅಂದಾಜು ಬೇಡ, ಗಡಿಯಾರ ನೋಡಿ ಹೇಳಿ.

ಗಡಸು ನೀರಿನಲ್ಲಿರೋ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಜೊತೆ ಸೇರಿ ಕರಗದ ಬಿಳಿ ಗಸಿ ಆಗುತ್ತದೆ. ಬಕೆಟ್ ಅಂಚಿಗೆ ಕಟ್ಟುತ್ತದಲ್ಲ, ಅದೇ. ಅಷ್ಟು ಸೋಪು ನೊರೆಗೆ ನಷ್ಟ. ಒಂದು ದಿನ ಡಿಸ್ಟಿಲ್ಡ್ ವಾಟರ್‌ನಲ್ಲಿ ಪೂರ್ತಿ ಶೇವ್ ಮಾಡಿ ನೋಡಿ, ಬ್ರಷ್ ನೆನೆಸೋದೂ ಅದರಲ್ಲೇ. ನೊರೆ ದಿಢೀರನೆ ಬದಲಾದರೆ ಕಳ್ಳ ನಲ್ಲಿಯಲ್ಲಿದ್ದಾನೆ.

ಬೆಳಗಿನ ಬ್ಲೇಡು

ಇವತ್ತು ನೋಡಿದೆ. 12 ಸೆಕೆಂಡ್.

ಮಾತು ಕಡಿಮೆ

12?

ಹಳೇ ರೇಜರ್

ಅಯ್ಯೋ ಮಾರಾಯ್ರೆ, ಪಾಪದ ಬ್ರಷ್ಷಿಗೆ ಎಷ್ಟು ಬೈದುಬಿಟ್ರಿ.

ನೀರು ಮತ್ತು ಸೋಪು

ಗಟ್ಟಿ ಬಿಲ್ಲೆ ಸೋಪು ಅಂದುಕೊಂಡು ಹೇಳುತ್ತೇನೆ. ಕನಿಷ್ಠ 30 ಸೆಕೆಂಡ್, ಹೊಸ ಬ್ರಷ್ಷಿಗೆ 40. ತಿರುಗಿಸುವಾಗ ದೊಡ್ಡ ಗುಳ್ಳೆ ಬಂದರೆ ಬ್ರಷ್ಷಿನಲ್ಲಿ ನೀರು ಜಾಸ್ತಿ ಇದೆ, ಕೊಡವಿ. ಗುಳ್ಳೆ ಹೋಗಿ ದಪ್ಪಗೆ, ಅಂಟಂಟಾಗಿ, ಕೂದಲ ತುದಿಗಳು ಒಂದಕ್ಕೊಂದು ಮೆತ್ತಿಕೊಳ್ಳೋ ತನಕ ಬಿಡಬೇಡಿ. ಆಮೇಲೆ ಮುಖದ ಮೇಲೆ ನೀರು ಸೇರಿಸುತ್ತಾ ಹೋಗೋದು. ಸುರಿಯೋದಲ್ಲ, ತುದಿಯನ್ನಷ್ಟೇ ನೀರಿಗೆ ಮುಟ್ಟಿಸಿ ಮೂರು ನಾಲ್ಕು ಹನಿ. ಮತ್ತೆ ಹಚ್ಚಿ, ಮತ್ತೆ ಮೂರು ಹನಿ. ಮಂಕಾಗಿದ್ದ ನೊರೆ ಒಂದು ಹಂತದಲ್ಲಿ ಫಳಫಳ ಹೊಳೆಯೋಕೆ ಶುರುವಾಗುತ್ತದೆ. ಬ್ರಷ್ ಎತ್ತಿದರೆ ಮೊನೆ ನಿಂತು ಮೆಲ್ಲಗೆ ಬಾಗಬೇಕು. ಅಲ್ಲಿ ನಿಲ್ಲಿಸಿ. ಬೆರಳ ನಡುವೆ ಉಜ್ಜಿದರೆ ಜಾರಬೇಕು. ಜಾರದಿದ್ದರೆ ಎಷ್ಟು ಗುಡ್ಡೆ ನೊರೆ ಇದ್ದೂ ದಂಡ.

ಆದರೆ ಒಂದು ಸಲಕ್ಕೆ ಒಂದನ್ನೇ ಬದಲಿಸಿ. ನೆನೆಸೋ ಹೊತ್ತು, ಸೋಪಿನ ಹೊತ್ತು, ನೀರು, ಮೂರೂ ಒಂದೇ ದಿನ ಬದಲಿಸಿದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗೋದಿಲ್ಲ.

ಹಿಡಿ ಕಡೆಯುವವಳು

ನಾನು ಹವ್ಯಾಸಕ್ಕೆ ಲೇತ್‌ನಲ್ಲಿ ಬ್ರಷ್ ಹಿಡಿ ಕಡೆದು ಗಂಟು ಕೂರಿಸುತ್ತೇನೆ. ಉದುರಿದ ಕೂದಲು ಎಸೆದುಬಿಟ್ಟಿರಾ? ಎಸೆಯಬೇಡಿ, ಸ್ಕೇಲ್ ಇಟ್ಟು ಅಳೆಯಿರಿ.

ಗಂಟಿನ ಬುಡವನ್ನು ಅಂಟಿನಲ್ಲಿ ಕಟ್ಟಿರುತ್ತಾರೆ. ಆ ಅಂಟಿನ ಭಾಗ ಹಿಡಿಯ ಗುಂಡಿಯೊಳಗೆ ಇರುತ್ತದೆ. ಹೊರಗೆ ಕಾಣೋದು 57 ಮಿ.ಮೀ. ಅಂದ ಮೇಲೆ ಪೂರ್ತಿ ಕೂದಲು ಅದಕ್ಕಿಂತ ಉದ್ದ ಇರಲೇಬೇಕು. ಉದುರಿದ್ದು 57ಕ್ಕಿಂತ ಉದ್ದ ಇದ್ದರೆ ಅದು ಅಂಟು ಹಿಡಿಯದ ಸಡಿಲ ಕೂದಲು, ಬುಡಸಮೇತ ಜಾರಿ ಬಂದಿದೆ. ಹೊಸ ಬ್ರಷ್ಷಿನಲ್ಲಿ ಹೀಗೆ ಒಂದಷ್ಟು ಹೋಗೋದು ಮಾಮೂಲು. ಗಿಡ್ಡ ಇದ್ದರೆ ಅದು ನಡುವೆ ಮುರಿದದ್ದು. ಮುರಿಯೋದು ಹೆಚ್ಚಾಗಿ ನಮ್ಮ ಕೈಯಿಂದಲೇ, ಬ್ರಷ್ಷನ್ನು ಮುಖಕ್ಕೆ ಅಮುಕಿ ಗಿರಗಿರ ತಿರುಗಿಸುವುದರಿಂದ.

ಏಳು ಅನ್ನೋದಕ್ಕೆ ಹೆದರಬೇಡಿ. ದಿನ ಕಳೆದ ಹಾಗೆ ಕಡಿಮೆ ಆಗುತ್ತಿದೆಯಾ, ಅದನ್ನು ನೋಡಿ. ಹತ್ತು ಶೇವ್ ಆದ ಮೇಲೂ ಹೀಗೇ ಉದುರಿದರೆ ಆಗ ಅಂಟಿನ ದೋಷ. ಗೊಂಚಲಾಗಿ ಬಂದರಂತೂ ಅವತ್ತೇ ವಾಪಸ್.

ಬೆಳಗಿನ ಬ್ಲೇಡು

ಐದನೇ ಶೇವ್. ನೆನೆಸೋ ಹೊತ್ತು ಮೊದಲಿನಷ್ಟೇ ಇಟ್ಟು, ಸೋಪು ಮಾತ್ರ 40 ಸೆಕೆಂಡ್ ಮಾಡಿದೆ. ಎರಡನೇ ಸುತ್ತಿಗೂ ನೊರೆ ಬಂತು. ಮೂರನೆಯದಕ್ಕೆ ಸಾಲಲಿಲ್ಲ.

ಉದುರಿದ್ದು ಮೂರು. ಅಳೆದೆ. ಎರಡು 64 ಮಿ.ಮೀ., ಒಂದು 31. ಹಾಗಾದರೆ ಒಂದನ್ನು ನಾನೇ ಮುರಿದಿದ್ದೇನೆ ಅಲ್ವಾ?

ಹಿಡಿ ಕಡೆಯುವವಳು

ಹೌದು. ಎಷ್ಟು ಒತ್ತುತ್ತೀರಿ?

ಬೆಳಗಿನ ಬ್ಲೇಡು

ಸಿಂಥೆಟಿಕ್‌ನಲ್ಲಿ ಒತ್ತಿದಷ್ಟೇ. ಕೂದಲು ಪೂರ್ತಿ ಅರಳಿ ಚಪ್ಪಟೆ ಆಗೋವರೆಗೆ.

ಸೂಕ್ಷ್ಮ ಚರ್ಮ

ಇದನ್ನು ಓದಿಯೇ ನನ್ನ ಗಂಟಲ ಕೆಳಗೆ ಉರಿಯಿತು.

ಒಂದು ವರ್ಷ ನಾನು ಬ್ಲೇಡ್ ಮೇಲೆ ಬ್ಲೇಡ್ ಬದಲಿಸಿದ್ದೇನೆ, ಉರಿ ಅದರಿಂದಲೇ ಅಂದುಕೊಂಡು. ಕೊನೆಗೆ ಒಂದು ದಿನ ನೊರೆ ಹಚ್ಚಿಕೊಂಡೆ, ಅಷ್ಟರಲ್ಲಿ ಯಾವುದೋ ಕೆಲಸ ಬಂತು, ಶೇವ್ ಮಾಡದೆ ತೊಳೆದುಕೊಂಡು ಎದ್ದೆ. ಕನ್ನಡಿ ನೋಡಿದರೆ ದವಡೆ ಕೆಳಗೆ ಕೆಂಪಗೆ! ಬ್ಲೇಡ್ ಮುಟ್ಟಿಯೇ ಇರಲಿಲ್ಲ. ನೀವೂ ಒಮ್ಮೆ ಹಾಗೆ ಮಾಡಿ. ನೊರೆ ಹಚ್ಚಿ, ತೊಳೆದು, ಐದು ನಿಮಿಷ ಬಿಟ್ಟು ನೋಡಿಕೊಳ್ಳಿ. ಕೆಂಪಾದರೆ ಅದು ಬ್ರಷ್ಷಿನ ಲೆಕ್ಕ.

ಸಿಂಥೆಟಿಕ್ ಸಾಕು

ಈ ಹಂದಿ, ಗಿಂದಿ ಕೂದಲಿನಿಂದ ರೋಗ ಬರೋದಿಲ್ವಾ? ಎಲ್ಲೋ ಓದಿದ ನೆನಪು.

ಹಳೇ ರೇಜರ್

ಸರಿಯಾಗೇ ಓದಿದ್ದೀರಿ, ಆದರೆ ಅದು ನೂರು ವರ್ಷದ ಹಿಂದಿನ ಕಥೆ. ಅದೂ ಹಂದಿಯದಲ್ಲ, ಮುಖ್ಯವಾಗಿ ಕುದುರೆ ಕೂದಲಿನದು. ಮೊದಲ ಮಹಾಯುದ್ಧದ ಹೊತ್ತಿಗೆ ಬ್ಯಾಜರ್ ಅನ್ನೋ ಬಿಲ ತೋಡೋ ಕಾಡುಪ್ರಾಣಿಯ ಕೂದಲು ಸಿಗೋದು ಕಷ್ಟವಾಯಿತು. ಹೊರದೇಶದಿಂದ ಬಂದ ಕುದುರೆ ಕೂದಲನ್ನು ಸರಿಯಾಗಿ ಶುದ್ಧ ಮಾಡದೆ ಬ್ಯಾಜರ್ ಥರ ಕಾಣೋ ಹಾಗೆ ಮಾಡಿ ಬ್ರಷ್ ಕಟ್ಟಿದರು. ಅದರಲ್ಲಿ ಆಂಥ್ರಾಕ್ಸ್ ರೋಗದ ಬೀಜಾಣು ಇತ್ತು. ಬ್ಲೇಡ್ ಗೀರಿದ ಚರ್ಮದ ಮೇಲೆ ಆ ಬ್ರಷ್ ಉಜ್ಜಿದರೆ ಇನ್ನೇನಾಗುತ್ತದೆ? ಬ್ರಿಟನ್, ಅಮೆರಿಕ ಎರಡೂ ಕಡೆ ಸೈನಿಕರು, ಸಾಮಾನ್ಯ ಜನ ಕಾಯಿಲೆ ಬಿದ್ದರು, ಸತ್ತವರೂ ಇದ್ದಾರೆ. 1920ರಲ್ಲಿ ಬ್ರಿಟನ್ ಜಪಾನಿನಿಂದ ಶೇವಿಂಗ್ ಬ್ರಷ್ ತರಿಸೋದನ್ನೇ ನಿಲ್ಲಿಸಿತು.

ಈಗ ಕೂದಲನ್ನು ಶುದ್ಧ ಮಾಡಿಯೇ ಕಟ್ಟುತ್ತಾರೆ. ಭಯ ಬೇಡ. ಆ ಕಾಲದ ಹಳೇ ಬ್ರಷ್ ಎಲ್ಲಾದರೂ ಸಿಕ್ಕರೆ ಮಾತ್ರ ಮುಖಕ್ಕೆ ಹಚ್ಚೋಕೆ ಹೋಗಬೇಡಿ. ಹಿಡಿ ಇಟ್ಟುಕೊಂಡು ಹೊಸ ಗಂಟು ಹಾಕಿಸುವುದೇ ವಾಸಿ.

ಸಿಂಥೆಟಿಕ್ ಸಾಕು

ನೋಡಿದ್ರಾ? ನೈಲಾನಿಗೆ ಯಾವತ್ತೂ ಆಂಥ್ರಾಕ್ಸ್ ಬಂದಿಲ್ಲ.

ಹೊಸಬ

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಬೇಜಾರಾಗಬೇಡಿ. ಇಷ್ಟೆಲ್ಲ ಒದ್ದಾಡೋ ಬದಲು ನೇರವಾಗಿ ಬ್ಯಾಜರ್ ಸಿಲ್ವರ್‌ಟಿಪ್ ತಗೊಂಡರೆ ಆಗಲ್ವಾ?

ಹಳೇ ರೇಜರ್

ಆಗುತ್ತೆ. ಮೆತ್ತಗಿರುತ್ತದೆ, ನೀರು ಚೆನ್ನಾಗಿ ಹಿಡಿಯುತ್ತದೆ, ಪಳಗಿಸೋ ಗೋಳು ಕಡಿಮೆ. ಆದರೆ ಪ್ಯೂರ್, ಬೆಸ್ಟ್, ಸೂಪರ್, ಸಿಲ್ವರ್‌ಟಿಪ್ ಅನ್ನೋ ದರ್ಜೆಯ ಹೆಸರುಗಳಿಗೆ ಎಲ್ಲರೂ ಒಪ್ಪಿದ ಅಳತೆ ಇಲ್ಲ. ಒಬ್ಬರ ಬೆಸ್ಟ್ ಇನ್ನೊಬ್ಬರ ಸೂಪರ್ ಆಗಿರಬಹುದು. ಹೆಸರು ನೋಡಿ ತಗೋಬೇಡಿ, ಬಳಸಿದವರನ್ನು ಕೇಳಿ.

ಹಿಡಿ ಕಡೆಯುವವಳು

ಕೂದಲಿನ ಜಾತಿಯಷ್ಟೇ ಮುಖ್ಯ ಅದನ್ನು ಎಷ್ಟು ಆಳಕ್ಕೆ ಕೂರಿಸಿದ್ದಾರೆ ಅನ್ನೋದು. ಅದೇ ಗಂಟನ್ನು ಗುಂಡಿಯಲ್ಲಿ 5 ಮಿ.ಮೀ. ಕೆಳಗೆ ಇಳಿಸಿದರೆ ಬೇರೆಯೇ ಬ್ರಷ್ ಆಗುತ್ತದೆ, ಬಿಗಿ, ಪುಟಿಯುವಂಥದ್ದು. 5 ಮೇಲೆತ್ತಿದರೆ ಮೆತ್ತಗೆ ಬಾಗುತ್ತದೆ. ಮುಖದ ಮೇಲೇ ನೊರೆ ಕಟ್ಟುವವರು ಗಿಡ್ಡದ್ದನ್ನು ಇಷ್ಟಪಡುತ್ತಾರೆ. ಬಟ್ಟಲಿನಲ್ಲಿ ಕಡೆಯುವವರಿಗೆ ಉದ್ದದ್ದು ಸಲೀಸು. ನಾನು ಒಮ್ಮೆ ಒಳ್ಳೇ ಬ್ಯಾಜರ್ ಗಂಟೊಂದನ್ನು ಜಾಸ್ತಿ ಮೇಲೆ ಕೂರಿಸಿ ಹಾಳು ಮಾಡಿದ್ದೇನೆ. ಅಂಟು ಒಣಗಿದ ಮೇಲೆ ಗೊತ್ತಾಯಿತು. ಈಗ ಅದು ಕೀಬೋರ್ಡ್ ಧೂಳು ಒರೆಸುತ್ತಿದೆ.

ಬೆಳಗಿನ ಬ್ಲೇಡು

ಎಂಟನೇ ಶೇವ್, ರಾತ್ರಿಯ ಅಂಗೈ ಲೆಕ್ಕ ಬಿಟ್ಟು.

ಮೊನ್ನೆ ರಜೆ ಇತ್ತು. ಸೂಕ್ಷ್ಮ ಚರ್ಮ ಹೇಳಿದ ಹಾಗೆ ನೊರೆ ಹಚ್ಚಿ, ಶೇವ್ ಮಾಡದೆ ತೊಳೆದೆ. ಗಲ್ಲದ ಕೆಳಗೆ ಬಲಭಾಗ ಕೆಂಪು, ಎಡಭಾಗ ಏನೂ ಇಲ್ಲ. ನಾನು ಬಲಗೈಯವನು. ಯಾವ ಕಡೆ ಜಾಸ್ತಿ ಒತ್ತುತ್ತೇನೆ ಅಂತ ಬ್ರಷ್ಷೇ ಬರೆದು ಕೊಟ್ಟ ಹಾಗಿತ್ತು. ಇವತ್ತು ತಿರುಗಿಸೋದನ್ನು ಕಡಿಮೆ ಮಾಡಿ, ಗೋಡೆಗೆ ಬಣ್ಣ ಬಳಿಯೋ ಹಾಗೆ ಹೋಗಿ ಬಂದು ಹಚ್ಚಿದೆ. ಕೂದಲು ಅರ್ಧಕ್ಕಿಂತ ಜಾಸ್ತಿ ಬಾಗದ ಹಾಗೆ. ಕೆಂಪಾಗಲಿಲ್ಲ.

ನೆನೆಸೋದನ್ನು ನಾಲ್ಕು ನಿಮಿಷಕ್ಕೆ ಏರಿಸಿದೆ. ಕೂದಲು ಕಣ್ಣೆದುರೇ ಬೇರೆ ಆಗುತ್ತದೆ, ನೀರಿಗೆ ಇಳಿಸುವಾಗ ಕಡ್ಡಿ, ಎತ್ತುವಾಗ ಬಟ್ಟೆ. ಉದುರಿದ್ದು ಎರಡು, ಎರಡೂ ಉದ್ದದ್ದೇ.

ಡಿಸ್ಟಿಲ್ಡ್ ವಾಟರ್ ಇನ್ನೂ ಆಗಿಲ್ಲ. ವಾಪಸ್ ಕಳಿಸೋ ದಿನ ಹತ್ತಿರ ಬಂತು. ಕಳಿಸಲ್ಲ ಅನ್ನಿಸುತ್ತಿದೆ.

ನೀರು ಮತ್ತು ಸೋಪು

ಒಣಗಿಸೋದು ಹೇಗೆ?

ಬೆಳಗಿನ ಬ್ಲೇಡು

ಸ್ಟ್ಯಾಂಡಿನಲ್ಲಿ ತಲೆಕೆಳಗಾಗಿ ನೇತು ಹಾಕುತ್ತೇನೆ. ತಪ್ಪಾ?

ಹಿಡಿ ಕಡೆಯುವವಳು

ತಪ್ಪೇನಿಲ್ಲ, ದೊಡ್ಡ ಲಾಭವೂ ಇಲ್ಲ. ಕೊಡವಿದ ಮೇಲೆ ಉಳಿದ ನೀರು ಕೂದಲ ಸಂದಿಯಲ್ಲೇ ಅಂಟಿಕೊಂಡಿರುತ್ತದೆ, ನೇತು ಹಾಕಿದ ಮಾತ್ರಕ್ಕೆ ತೊಟ್ಟಿಕ್ಕಿ ಖಾಲಿ ಆಗೋದಿಲ್ಲ. ಬೇಕಾದ್ದು ಗಾಳಿ. ಚೆನ್ನಾಗಿ ತೊಳೆದು, ಬಲವಾಗಿ ಕೊಡವಿ, ಟವೆಲ್ ಮೇಲೆ ನಾಲ್ಕು ಸಲ ಸವರಿ, ಗಾಳಿ ಆಡೋ ಕಡೆ ನೆಟ್ಟಗೆ ನಿಲ್ಲಿಸಿದರೂ ಸಾಕು. ಒದ್ದೆಯಾಗಿ ಡಬ್ಬಿಯಲ್ಲಿ ಮುಚ್ಚಿಡೋದೇ ಪಾಪ. ಬುಡದಲ್ಲಿ ಸೋಪು ಉಳಿದರೆ ಅದೂ ಕೂದಲನ್ನು ತಿನ್ನುತ್ತದೆ. ಗಡಸು ನೀರಾದರೆ ಒಂದೆರಡು ತಿಂಗಳಿಗೊಮ್ಮೆ ನೀರಿಗೆ ಸ್ವಲ್ಪ ವಿನೆಗರ್ ಬೆರೆಸಿ, ಐದು ನಿಮಿಷ ಅದ್ದಿ, ಆಮೇಲೆ ಚೆನ್ನಾಗಿ ತೊಳೆಯಿರಿ.

ಬೆಳಗಿನ ಬ್ಲೇಡು

ಹದಿನಾರನೇ ಶೇವ್. ಉದ್ದ ಬರೆಯುತ್ತೇನೆ, ತಾಳ್ಮೆ ಇರಲಿ.

ನಿನ್ನೆ ಒಣ ಬ್ರಷ್ಷನ್ನು ಕಿಟಕಿ ಹತ್ತಿರ ಹಿಡಿದು, ಅಂಚೆಚೀಟಿ ನೋಡೋ ಭೂತಗನ್ನಡಿ ತಂದು ತುದಿ ನೋಡಿದೆ. ಸೀಳಿವೆ! ಎಲ್ಲವೂ ಅಲ್ಲ. ಹೊರಸುತ್ತಿನವು ಜಾಸ್ತಿ, ನಡುವಿನವು ಇನ್ನೂ ಮೊಂಡು. ಒಂದು ಕೂದಲು ಎರಡಾಗಿ ಒಡೆದು, ಅದರಲ್ಲಿ ಒಂದು ಕವಲು ಮತ್ತೆ ಎರಡಾಗಿತ್ತು. ತುದಿಯ ಬಣ್ಣವೂ ಬುಡಕ್ಕಿಂತ ತಿಳಿಯಾಗಿ, ಬೆಳಕು ಹಿಡಿದ ಹಾಗೆ ಕಾಣುತ್ತಿತ್ತು. ಅಂಗೈ ಮೇಲೆ ಒಣಗಿದ್ದಾಗಲೇ ಸವರಿದೆ. ಪೊರಕೆ ಹೋಗಿದೆ.

ಇವತ್ತು ಮೂರು ಸುತ್ತು ಆಗಿ ಇನ್ನೊಂದಕ್ಕೆ ಮಿಗುವಷ್ಟು ನೊರೆ. ಹಿಂಡದೆ ತಾನಾಗಿಯೇ ಬಂತು. ಡಿಸ್ಟಿಲ್ಡ್ ವಾಟರ್‌ನಲ್ಲೂ ಒಂದು ದಿನ ಮಾಡಿ ನೋಡಿದೆ. ಸ್ವಲ್ಪ ನುಣುಪು ಜಾಸ್ತಿ ಅಷ್ಟೆ. ನಮ್ಮ ನೀರು ಪರವಾಗಿಲ್ಲ ಅಂತಾಯಿತು.

ಆದರೆ ಹೇಳಬೇಕಾದ್ದು ಬೇರೆ ಇದೆ. ಮಧ್ಯದಲ್ಲಿ ಒಂದು ಬೆಳಿಗ್ಗೆ ಹೊಸ ಬ್ರಷ್ ಇನ್ನೂ ಹಸಿ ಇತ್ತು. ಹಳೇ ಸಿಂಥೆಟಿಕ್ ಎತ್ತಿಕೊಂಡೆ. ಕೈ ಹೊಸ ಅಭ್ಯಾಸದಲ್ಲೇ ಇತ್ತು. 40 ಸೆಕೆಂಡ್ ಸೋಪು, ಹನಿ ಹನಿ ನೀರು, ಒತ್ತದೆ ಬಳಿಯೋದು. ಆರು ವರ್ಷದಲ್ಲಿ ಆ ಬ್ರಷ್ ಅಂಥ ನೊರೆ ಕೊಟ್ಟಿರಲಿಲ್ಲ. ನಿಂತು ನೋಡುತ್ತಾ ಇದ್ದುಬಿಟ್ಟೆ. ಇಷ್ಟು ವರ್ಷ 12 ಸೆಕೆಂಡಿಗೆ ಅದು ಹೇಗೋ ಸಂಸಾರ ತೂಗಿಸಿಕೊಂಡು ಬಂದಿತ್ತು. ಹಂದಿ ಕೂದಲು ನನ್ನ ಸೋಮಾರಿತನ ಸಹಿಸಲಿಲ್ಲ, ಅಷ್ಟೇ ವ್ಯತ್ಯಾಸ.

ಸಿಂಥೆಟಿಕ್ ಸಾಕು

ಇದನ್ನು ಓದೋಕೆ ಹದಿನಾರು ಶೇವ್ ಕಾದಿದ್ದೇನೆ! ನಾನು ಹೇಳಲಿಲ್ವಾ? ಬ್ರಷ್ ಬೇಕಿರಲಿಲ್ಲ.

ಹಳೇ ರೇಜರ್

ಬೇಕಿತ್ತು ಸ್ವಾಮಿ. ಆ ಹಂದಿ ಕೂದಲು ಮೂಗು ಹಿಡಿದು ಕಲಿಸದೇ ಹೋಗಿದ್ದರೆ 12 ಸೆಕೆಂಡಿನಲ್ಲೇ ಇನ್ನೂ ಆರು ವರ್ಷ ಕಳೆಯುತ್ತಿದ್ದರು.

ಸಿಂಥೆಟಿಕ್ ಸಾಕು

ಗಡಿಯಾರ ನೋಡೋಕೆ ಹೇಳಿದ್ದು ನೀರು ಮತ್ತು ಸೋಪು. ಹಂದಿಯಲ್ಲ.

ಮಾತು ಕಡಿಮೆ

ಅದು ನಿಜ.

ಸೂಕ್ಷ್ಮ ಚರ್ಮ

ಹಾಗಾದರೆ ಈಗ ಯಾವುದು ಉಳಿಯಿತು? ಎರಡರಲ್ಲಿ ಕೈ ಮೊದಲು ಹೋಗೋದು ಯಾವುದಕ್ಕೆ?

ಬೆಳಗಿನ ಬ್ಲೇಡು

ನಿಜ ಹೇಳಬೇಕಂದರೆ ಹೊತ್ತಿನ ಮೇಲೆ. ಬೇಗ ಓಡಬೇಕಾದ ದಿನ ಸಿಂಥೆಟಿಕ್, ಅದಕ್ಕೆ ಟ್ಯೂಬ್ ಕ್ರೀಮ್. ಬಿಡುವಿದ್ದ ದಿನ ಹಂದಿ ಕೂದಲು, ಗಟ್ಟಿ ಸೋಪು. ಬಿಲ್ಲೆ ಸೋಪನ್ನು ಅದು ಕೆರೆದು ಎತ್ತುವಷ್ಟು ಚೆನ್ನಾಗಿ ಸಿಂಥೆಟಿಕ್ ಎತ್ತೋದಿಲ್ಲ, ಇದು ಒಂದೇ ಸೋಪಿನಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ ಮೇಲೆ ಹೇಳುತ್ತಿರೋದು. ಮತ್ತೆ ಆ ತುದಿ ಕೆನ್ನೆಗೆ ಸಣ್ಣಗೆ ಕೆರೆಯೋ ಸುಖ ಇದೆಯಲ್ಲ, ಮೊದಲ ವಾರ ಬೈದದ್ದು ಅದಕ್ಕೇ. ಈಗ ಅದು ಇಲ್ಲದಿದ್ದರೆ ಏನೋ ಕಮ್ಮಿ ಅನ್ನಿಸುತ್ತದೆ.

ಹಿಡಿ ಕಡೆಯುವವಳು

ಕೂದಲ ಲೆಕ್ಕ ಕೊಡಲೇ ಇಲ್ಲ. ಏಳು, ಮೂರು, ಎರಡು. ಇವತ್ತು?

ಬೆಳಗಿನ ಬ್ಲೇಡು

ಒಂದು ಸಿಕ್ಕಿತು. ಸ್ಕೇಲ್ ಇಟ್ಟೆ, 9 ಮಿ.ಮೀ. ಇಷ್ಟು ಗಿಡ್ಡ ಹೇಗೆ ಮುರಿಯಿತು ಅಂತ ಗಾಬರಿಯಾಗಿ ಭೂತಗನ್ನಡಿಯಲ್ಲಿ ನೋಡಿದೆ. ಬೆಳ್ಳಗಿತ್ತು. ಬ್ರಷ್ಷಿನದಲ್ಲ, ನನ್ನ ಮೀಸೆಯದು.